ಕ್ಯಾಲ್ಸಿಯಂ ಬೀಗ

ದೊಣೆಗುಡ್ಡದ ತಾಮ್ರದ ಗಣಿಗೆ ಯಾವ ಹೊಸ ಯಂತ್ರ ಬಂದರೂ ಅಲ್ಲಿನ ಜನ ಮೊದಲು ಅದಕ್ಕೊಂದು ಅಡ್ಡಹೆಸರು ಇಟ್ಟು, ಆಮೇಲೆ ಅದನ್ನು ಮುಟ್ಟುತ್ತಿದ್ದರು. ಈ ಸಲದ ಯಂತ್ರಕ್ಕೆ ಕಂಪನಿಯೇ ‘ಸ್ಥೈರ್ಯ’ ಎಂದು ಹೆಸರಿಟ್ಟು ಕಳಿಸಿತ್ತು. ಪೆಟ್ಟಿಗೆಯ ಮೇಲೆ ಹಲ್ಲು ಕಿರಿಯುತ್ತಿದ್ದ ಗಣಿ ಕೆಲಸಗಾರನ ಚಿತ್ರ ಬೇರೆ. ನೆಲದಡಿ ಕೆಲಸ ಮಾಡುವವನು ಹಾಗೆ ನಗುವುದನ್ನು ಯಾರೂ ನೋಡಿರಲಿಲ್ಲ. ಜನ ಅದನ್ನು ‘ಬೀಗ’ ಅಂದರು, ಸ್ವಲ್ಪ ದಿನಕ್ಕೆ ಕಂಪನಿಯ ಅಧಿಕಾರಿಗಳ ಬಾಯಲ್ಲೂ ಅದೇ ಬಂತು.

ಬೀಗ ಅಂದರೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಗುಳಿಗೆ. ಸೊಂಟದ ಮೇಲ್ಭಾಗದಲ್ಲಿ ಸೂಜಿಯಿಂದ ಒಳಗೆ ಕೂರಿಸುತ್ತಿದ್ದರು. ಅದನ್ನು ಕಂಡುಹಿಡಿದ ಡಾಕ್ಟರ್ ವೈದೇಹಿ ಕುಲಕರ್ಣಿ ಎಂಬಾಕೆ ಖುದ್ದಾಗಿ ಬಂದು, ಗಣಿಯ ರಕ್ಷಣಾ ತಂಡದವರನ್ನೂ ಅವರ ಹೆಂಡಂದಿರನ್ನೂ ಕ್ಲಬ್ಬಿನ ಹಾಲಿನಲ್ಲಿ ಕೂರಿಸಿಕೊಂಡು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು.

“ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಗ್ರಂಥಿ ಇದೆ. ಅದರ ತಿರುಳಿನಲ್ಲಿರೋ ಜೀವಕೋಶಗಳು ಅಡ್ರಿನಲಿನ್ ಅನ್ನೋ ಹಾರ್ಮೋನನ್ನ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಂಡು ಕಾಯ್ತಾ ಇರ್ತವೆ. ಅಪಾಯ ಅಂತ ಮಿದುಳು ನರದ ಮೂಲಕ ತಟ್ಟಿದ ಕೂಡಲೇ ಆ ಜೀವಕೋಶದ ಗೋಡೆಯಲ್ಲಿರೋ ಕ್ಯಾಲ್ಸಿಯಂ ಚಾನೆಲ್‌ಗಳು ತೆರೀತವೆ. ಅವನ್ನ ಬಾಗಿಲು ಅಂತಲೇ ಇಟ್ಕೊಳ್ಳಿ. ಹೊರಗೆ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತೆ, ಒಳಗೆ ಇಲ್ಲ ಅನ್ನೋವಷ್ಟು ಕಡಿಮೆ. ಬಾಗಿಲು ತೆಗೆದದ್ದೇ ಅದು ಒಳಕ್ಕೆ ನುಗ್ಗುತ್ತೆ. ಅದು ನುಗ್ಗಿದಾಗ ಚೀಲಗಳು ಗೋಡೆಗೆ ಅಂಟಿ ಬಾಯಿ ಬಿಚ್ಚಿ ಅಡ್ರಿನಲಿನ್ನನ್ನ ರಕ್ತಕ್ಕೆ ಸುರೀತವೆ. ಎದೆ ಹೊಡ್ಕೊಳ್ಳುತ್ತೆ, ಉಸಿರು ಜೋರಾಗುತ್ತೆ.”

ಹೃದಯದಲ್ಲೂ ಇಂಥ ಬಾಗಿಲುಗಳಿವೆಯಂತೆ. ಎಲ್ಲವನ್ನೂ ಮುಚ್ಚಿದರೆ ಭಯದ ಜೊತೆಗೆ ಮನುಷ್ಯನೂ ಹೋಗುತ್ತಾನೆ. ಗ್ರಂಥಿಯ ಬಾಗಿಲುಗಳನ್ನು ಮಾತ್ರ ಹಿಡಿದು, ಹೃದಯದ ಬಾಗಿಲುಗಳನ್ನು ಬಿಟ್ಟುಬಿಡುವ ಒಂದು ಅಣುವನ್ನು ಹುಡುಕುವುದರಲ್ಲೇ ವೈದೇಹಿಯ ತಲೆಗೂದಲು ಬೆಳ್ಳಗಾಗಿತ್ತು. ಗುಳಿಗೆಯೊಳಗೆ ಆ ಅಣು ಇತ್ತು, ಮತ್ತು ಮೇಲಿನಿಂದ ರೇಡಿಯೋದಲ್ಲಿ ಹೇಳಿದಂತೆ ಕೇಳುವ ಒಂದು ಚಿಪ್ ಇತ್ತು.

ಬೀಗ ಯಾಕೆ ಬೇಕಾಯಿತು ಎನ್ನುವುದೂ ಹೇಳಬೇಕಾದದ್ದೇ. ವಿಷಾನಿಲ ತುಂಬಿದ ಸುರಂಗಕ್ಕೆ ಇಳಿಯುವ ರಕ್ಷಣಾ ತಂಡದವರು ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಹೋಗುತ್ತಾರೆ. ಹೆದರಿದವನು ಅದನ್ನು ಅರ್ಧ ಹೊತ್ತಿನಲ್ಲೇ ಉಸಿರಾಡಿ ಮುಗಿಸುತ್ತಾನೆ. ಬೀಗ ಹಾಕಿದವನ ಸಿಲಿಂಡರ್ ಪೂರ್ತಿ ಬಾಳುತ್ತದೆ. ಕೆಲಸಕ್ಕೆ ಬಾರದ ಯಂತ್ರ ಅಂತ ಅದನ್ನು ಯಾರೂ ಅನ್ನುವ ಹಾಗಿರಲಿಲ್ಲ.

“ಹಂಗಾದ್ರೆ ನಮ್ಗೆ ಭಯನೇ ಆಗಲ್ವಾ ಮೇಡಂ?” ಎಂದು ಕೇಳಿದವನು ಗಣಿಯ ಎರಡು ರಕ್ಷಣಾ ತಂಡಗಳಲ್ಲಿ ಒಂದರ ಕ್ಯಾಪ್ಟನ್ ಪಾಲಯ್ಯ.

“ಆಗುತ್ತೆ. ಭಯ ಹುಟ್ಟೋದು ತಲೇಲಿ. ಮೈಗೆ ಸುದ್ದಿ ಮುಟ್ಟಲ್ಲ, ಅಷ್ಟೆ.”

ತಂಡಕ್ಕೆಲ್ಲ ಒಂದೇ ಕೀಲಿ ಎಂಬ ನಿಯಮವನ್ನೂ ಆಕೆ ಅಂದೇ ಹೇಳಿದರು. ಒಬ್ಬ ಏದುಸಿರು ಬಿಡತೊಡಗಿದರೆ ಪಕ್ಕದವನಿಗೂ ಅದು ಹತ್ತುತ್ತದೆ, ಆದ್ದರಿಂದ ಮುಚ್ಚಿದರೆ ಎಲ್ಲರಿಗೂ ಮುಚ್ಚಬೇಕು, ತೆರೆದರೆ ಎಲ್ಲರಿಗೂ ತೆರೆಯಬೇಕು. ಮುಚ್ಚುವುದು ಒಂದು ಗುಂಡಿ ಒತ್ತುವಷ್ಟು ಸುಲಭ. ತೆರೆಯುವುದನ್ನು ಮಾತ್ರ ಮೇಲೆ ಬಂದ ನಂತರ, ಸಂಜೆಯವರೆಗೆ ಸ್ವಲ್ಪಸ್ವಲ್ಪವಾಗಿ ಮಾಡಬೇಕು. ಮುಚ್ಚಿದ್ದಷ್ಟು ಹೊತ್ತು ಒಳಗೆ ಚೀಲಗಳು ಗೋಡೆಯ ಹತ್ತಿರ ಬಂದು ಬಂದು ಸೇರಿಕೊಂಡಿರುತ್ತವೆ. ಒಮ್ಮೆಲೇ ಬಾಗಿಲು ತೆಗೆದರೆ ಅಷ್ಟೂ ಒಟ್ಟಿಗೆ ಸುರಿಯುತ್ತವೆ.

ಪ್ರಯೋಗಾಲಯದಲ್ಲಿ ನೂರಾರು ಯುವಕರ ಮೇಲೆ ಪರೀಕ್ಷೆ ಮಾಡಿಯಾಗಿತ್ತು. ಬೆಳಿಗ್ಗೆ ಬಂದವರಿಗೆ ಇಡ್ಲಿ ವಡೆ ಕೊಟ್ಟು, ಕಾಫಿ ಕುಡಿಸಿ, ಬೀಗ ಹಾಕಿ, ಬಗೆಬಗೆಯಾಗಿ ಹೆದರಿಸಿ ನೋಡಿದ್ದರು. ಎಲ್ಲರೂ ಗಟ್ಟಿಮುಟ್ಟಾದ ಹುಡುಗರು, ಎಲ್ಲರದೂ ತುಂಬಿದ ಹೊಟ್ಟೆ.

*

ಪಾಲಯ್ಯನ ಹೆಂಡತಿ ಚಂದ್ರಕಲಾ ಗಣಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಕೆಳಗಿನವರ ಜೊತೆ ರೇಡಿಯೋದಲ್ಲಿ ಮಾತಾಡುವುದು, ಪರದೆಯ ಮೇಲೆ ಅವರ ನಾಡಿ ನೋಡುವುದು, ಬೀಗ ಹಾಕುವುದು, ತೆಗೆಯುವುದು ಅವಳ ಕೆಲಸ. ಗಂಡನ ತಂಡ ಇಳಿಯುವ ದಿನ ಅವಳು ಆ ಕುರ್ಚಿಯಲ್ಲಿ ಕೂರುವಂತಿರಲಿಲ್ಲ. ಆಗ ತಿಮ್ಮರಾಜು ಎಂಬ ಇನ್ನೊಬ್ಬ ಕೂರುತ್ತಿದ್ದ.

ಕಾಲೊನಿಯಲ್ಲಿ ಅವರ ಗೋಡೆಗೆ ಗೋಡೆ ಹತ್ತಿದ ಮನೆ ತಿಪ್ಪೇಶನದು. ಅವನೂ ರಕ್ಷಣಾ ತಂಡದವನೇ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನ ಹೆಂಡತಿ ಸುಮಿತ್ರ ಮೊಳಕಾಲ್ಮುರಿನ ಕಡೆಯವಳು. ಗಣಿಯ ಸೈರನ್ ಕೂಗಿದಾಗಲೆಲ್ಲ ಮೊದಮೊದಲು ಬೆಚ್ಚಿಬಿದ್ದು ಚಂದ್ರಕಲಾಳ ಅಡುಗೆಮನೆಗೆ ಓಡಿಬರುತ್ತಿದ್ದಳು. ಯಾವ ಕೂಗು ಪಾಳಿ ಬದಲಾಗುವುದಕ್ಕೆ, ಯಾವುದು ಅಪಘಾತಕ್ಕೆ, ಯಾವುದು ಸಾವಿಗೆ ಎಂದು ಕಲಿಸಿಕೊಟ್ಟವಳು ಚಂದ್ರಕಲಾ. ತವರಿನಲ್ಲಿ ಅಕ್ಕ ಇಲ್ಲದ ಸುಮಿತ್ರಳಿಗೆ ದಿನಕ್ಕೆ ಹತ್ತು ಸಲವಾದರೂ ಅವಳನ್ನು ಅಕ್ಕಾ ಎಂದು ಕರೆಯದಿದ್ದರೆ ಸಮಾಧಾನವಿರುತ್ತಿರಲಿಲ್ಲ.

“ಅಕ್ಕಾ, ನಿಮ್ಮ ಬೀಗ ನಮ್ಮನೇರ್ನ ಮರ ಮಾಡಿಬಿಟ್ಟೈತೆ,” ಎಂದು ಒಂದು ಸಂಜೆ ಹಿತ್ತಿಲ ಗೋಡೆಯಾಚೆಯಿಂದ ದೂರಿದಳು. ಅವತ್ತು ಅಭ್ಯಾಸಕ್ಕೆಂದು ತಂಡವನ್ನು ಕೆಳಗಿಳಿಸಿದ್ದರು. ಬೀಗ ಇನ್ನೂ ಪೂರ್ತಿ ತೆರೆದಿರಲಿಲ್ಲ. “ಹಾವು, ಹಾವು ಅಂತ ಕೂಗ್ಕಂಡೆ. ಎದ್ದು ನಿಧಾನಕ್ಕೆ ಬಂದು ನೋಡಿ, ‘ಹೌದು ಕಣೆ, ಹಾವು’ ಅಂದ್ರು. ಎದೆ ಮೇಲೆ ಕೈಯಿಟ್ಟು ನೋಡಿದ್ರೆ ನಿದ್ದೆ ಮಾಡೋರ ಥರ ಹೊಡ್ಕಂತೈತೆ.”

ತಿಪ್ಪೇಶ ನಗುತ್ತ ಬಂದು ಗೋಡೆಗೆ ಒರಗಿದ. “ಹೆದ್ರಿಕೆ ಆಯ್ತಕ್ಕ ನಂಗೆ. ಆದ್ರೆ ಬೇರೆ ಯಾರ್ಗೋ ಆದಂಗಿತ್ತು. ಪಕ್ಕದ ಮನೇಲಿ ಜಗಳ ಆಗೋದು ಕೇಳ್ಸಂಗೆ.”

ಎಲ್ಲರೂ ನಕ್ಕರು. ಚಂದ್ರಕಲಾಳಿಗೆ ಮಾತ್ರ ಆ ಮಾತು ಅಷ್ಟು ಹಿಡಿಸಲಿಲ್ಲ.

ಅವಳಿಗೆ ಬೇರೊಂದು ಚಿಂತೆಯೂ ಇತ್ತು. ಪಾಲಯ್ಯನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಕಂಪನಿಯ ಆಸ್ಪತ್ರೆಗೆ ಗೊತ್ತಾದರೆ ರಕ್ಷಣಾ ತಂಡದಿಂದ ತೆಗೆದುಹಾಕುತ್ತಾರೆಂದು ಅವನು ಚಳ್ಳಕೆರೆಗೆ ಹೋಗಿ ತೋರಿಸಿಕೊಂಡು ಬಂದಿದ್ದ. ಅಲ್ಲಿಯ ಡಾಕ್ಟರಿಗೆ ಬೀಗದ ಸುದ್ದಿ ಹೇಳಿರಲಿಲ್ಲ, ಇಲ್ಲಿಯವರಿಗೆ ಮಾತ್ರೆಯ ಸುದ್ದಿ ಹೇಳಿರಲಿಲ್ಲ. ಮಾತ್ರೆಗಳು ಮೆಂತ್ಯದ ಡಬ್ಬಿಯಲ್ಲಿರುತ್ತಿದ್ದವು. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ, ಆಗ ಕೈ ನಡುಗುತ್ತದೆ, ಬೆವರುತ್ತದೆ, ಕೂಡಲೇ ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ಳಬೇಕು ಎಂದು ಚಳ್ಳಕೆರೆಯ ಡಾಕ್ಟರು ಹೇಳಿ ಕಳಿಸಿದ್ದರು. ಹಾಗೆ ಒಂದೆರಡು ಸಲ ಆಗಿಯೂ ಇತ್ತು. ಕೈ ನಡುಗಿದರೆ ಬೆಲ್ಲ. ಇಷ್ಟು ಸುಲಭದ ಲೆಕ್ಕ ಗಂಡ ಹೆಂಡತಿ ಇಬ್ಬರಿಗೂ ಬಾಯಿಪಾಠವಾಗಿತ್ತು.

“ಹೇಳ್ಬಿಡಾನ ಕಣೋ, ಬೇರೆ ಕೆಲ್ಸ ಕೊಡ್ತಾರೆ,” ಎಂದು ಅವಳು ಅಂದಾಗ ಪಾಲಯ್ಯ ಮುಖ ತಿರುಗಿಸುತ್ತಿದ್ದ. ಕ್ಯಾಪ್ಟನ್ ಎಂದು ಕರೆಸಿಕೊಳ್ಳುವ ಹುಚ್ಚು ಅವನಿಗಿತ್ತು. ಅವಳಿಗೂ ಒಳಗೊಳಗೇ ಅದು ಇಷ್ಟವಾಗಿತ್ತು.

*

ಆ ಗಣಿಯಲ್ಲಿ ಮೊದಲಿನಿಂದ ಒಂದು ಪದ್ಧತಿಯಿತ್ತು. ಕೆಳಗೆ ಯಾರಾದರೂ ಸತ್ತರೆ, ಹೆಣ ಮೇಲೆ ಬರುವವರೆಗೆ ಕಾಲೊನಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ದೊಡ್ಡವರು ಯಾರೂ ಅನ್ನ ಮುಟ್ಟುವುದಿಲ್ಲ. ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂದರೂ ಅದು ಹೋಗಿರಲಿಲ್ಲ. ಸತ್ತವನು ಕತ್ತಲಲ್ಲಿ ಬಿದ್ದಿರುವಾಗ ಮೇಲಿನವರು ಹೊಟ್ಟೆ ತುಂಬಿಸಿಕೊಳ್ಳುವುದು ಮನುಷ್ಯರ ಲಕ್ಷಣವಲ್ಲ ಎಂದು ಅವರು ತಿಳಿದಿದ್ದರು. ನನ್ನನ್ನು ಕೇಳಿದರೆ ಅದು ಮರ್ಯಾದೆಯ ಪದ್ಧತಿಯೇ. ಕಂಪನಿಯವರೂ ಅಂಥ ದಿನ ಕ್ಯಾಂಟೀನು ಮುಚ್ಚಿ ಗೌರವ ತೋರಿಸುತ್ತಿದ್ದರು.

ಅಂದು ಬೆಳಿಗ್ಗೆ ಪಾಲಯ್ಯ ಮಾತ್ರೆ ನುಂಗಿ ನೀರು ಕುಡಿದು ತಟ್ಟೆಯ ಮುಂದೆ ಕೂತಿದ್ದ. ಮೊದಲನೆಯ ರೊಟ್ಟಿ ಹಂಚಿನ ಮೇಲಿತ್ತು. ಸೈರನ್ ಅಪಘಾತದ ಕೂಗು ಕೂಗಿತು. ಸ್ವಲ್ಪ ಹೊತ್ತಿಗೇ ನಿಲ್ಲದ ಉದ್ದನೆಯ ಸಾವಿನ ಕೂಗು ಬಂತು. ಚಂದ್ರಕಲಾ ಗ್ಯಾಸ್ ಆರಿಸಿದಳು. ಸಾಲಿನ ಎಲ್ಲ ಮನೆಗಳಲ್ಲೂ ಪಾತ್ರೆಯ ಸದ್ದು ನಿಂತಿತು.

“ಇದೊಂದು ತಿಂದು ಹೋಗು. ಮಾತ್ರೆ ನುಂಗಿದೀಯ,” ಎಂದಳು, ಧ್ವನಿ ತಗ್ಗಿಸಿ.

“ಏನು ಅಂತ ಮಾತಾಡ್ತೀಯೆ? ಯಾವನೋ ಕೆಳಗೆ ಹೆಣವಾಗಿ ಬಿದ್ದವ್ನೆ. ಅವನ್ನ ಎತ್ತಕ್ಕೆ ಹೋಗೋ ನಾನು ರೊಟ್ಟಿ ತಿಂದು ಹೋಗ್ಲಾ?” ಅವನು ಡಬ್ಬಿಯಿಂದ ಒಂದು ಉಂಡೆ ಬೆಲ್ಲ ತೆಗೆದು ಜೇಬಿಗೆ ಹಾಕಿಕೊಂಡ. “ಕೈ ನಡುಗಿದ್ರೆ ತಿಂತೀನಿ. ಬೆಲ್ಲ ಔಷಧಿ ಲೆಕ್ಕ, ಊಟದ ಲೆಕ್ಕ ಅಲ್ಲ.”

ಅವನು ಹೇಳಿದ್ದು ಅವಳಿಗೆ ಸರಿಯೆನಿಸಿತು. ಬೀಗ ಹಾಕುವ ಗುಂಡಿಯನ್ನು ತಿಂಗಳುಗಟ್ಟಲೆ ಒತ್ತಿದವಳಿಗೂ ಆ ಗಳಿಗೆಯಲ್ಲಿ ಇನ್ನೊಂದು ಹೊಳೆಯಲಿಲ್ಲ.

*

ಸತ್ತವನು ತಿಮ್ಮರಾಜುವಿನ ತಮ್ಮ. ಸುದ್ದಿ ಕೇಳಿ ತಿಮ್ಮರಾಜು ಕುರ್ಚಿ ಬಿಟ್ಟು ಗಣಿಯ ಬಾಯಿಗೆ ಓಡಿದ್ದ. ಆ ಕುರ್ಚಿಯಲ್ಲಿ ಕೂರಬಲ್ಲವಳು ಚಂದ್ರಕಲಾ ಒಬ್ಬಳೇ. ಮ್ಯಾನೇಜರ್ ಭಾಸ್ಕರ ಶೆಣೈ ನಿಯಮದ ಮಾತೆತ್ತಲಿಲ್ಲ. ಬೀಗದ ಕೆಲಸ ನೋಡಲು ಬಂದಿದ್ದ ವೈದೇಹಿಯೂ ಅಲ್ಲೇ ಇದ್ದರು.

ಕೆಳಗಿನ ಹಂತದ ಸುರಂಗದಲ್ಲಿ ಬಂಡೆ ಬಿರಿದು ಅನಿಲ ನುಗ್ಗಿತ್ತು. ಒಬ್ಬ ಸತ್ತಿದ್ದ, ಇನ್ನೊಬ್ಬ ಅನಿಲ ನುಸುಳದಂತೆ ಮುಚ್ಚಿದ ಆಶ್ರಯದ ಕೋಣೆಯೊಳಗೆ ಸಿಕ್ಕಿಬಿದ್ದು ಜೀವಂತವಾಗಿದ್ದ. ಮೊದಲು ಬದುಕಿರುವವನನ್ನು ತರುವುದು, ಆಮೇಲೆ ಹೆಣ. ಪಾಲಯ್ಯ, ತಿಪ್ಪೇಶ, ಇನ್ನಿಬ್ಬರು ಮುಖವಾಡ ಕಟ್ಟಿ ಇಳಿದರು. ಚಂದ್ರಕಲಾ ಗುಂಡಿ ಒತ್ತಿದಳು. ಪರದೆಯ ಮೇಲೆ ನಾಲ್ಕೂ ಗೆರೆಗಳು ತಗ್ಗಿ ಮಟ್ಟಸವಾದವು.

ದಾರಿ ತುಂಬ ಕಲ್ಲು ಬಿದ್ದಿತ್ತು. ಅದನ್ನು ಸರಿಸಿ ಸರಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಿಕ್ಕಿಬಿದ್ದವನು ಸಿಕ್ಕಿದ, ಅವನಿಗೂ ಒಂದು ಮುಖವಾಡ ತೊಡಿಸಿದರು. ಎಲ್ಲರ ಹೊಟ್ಟೆಯೂ ಖಾಲಿ, ಎಲ್ಲರ ಗೆರೆಯೂ ನೆಟ್ಟಗೆ. ಅದರಲ್ಲೂ ಪಾಲಯ್ಯನದು ಎಲ್ಲರಿಗಿಂತ ಮಟ್ಟಸ.

“ನೋಡಿ ಡಾಕ್ಟ್ರೇ, ದೇವಸ್ಥಾನದಲ್ಲಿ ಕೂತಿರೋ ಹಾಗಿದ್ದಾನೆ,” ಎಂದು ಶೆಣೈ ಮೆಚ್ಚಿಕೊಂಡರು.

ಹಿಂದಿರುಗುವ ದಾರಿಯಲ್ಲಿ ಏಣಿಗಳ ಬುಡಕ್ಕೆ ಬಂದಾಗ ಚಂದ್ರಕಲಾ ರೇಡಿಯೋದಲ್ಲಿ, “ಕ್ಯಾಪ್ಟನ್, ಎಲ್ಲಿದ್ದೀರಿ?” ಎಂದು ಕೇಳಿದಳು. ಗಂಡನ ಹೆಸರನ್ನು ಎಲ್ಲರ ಮುಂದೆ ಕೂಗಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

“ಎಮ್ಮೆ ಕಟ್ಟಾಕಿ ಬರ್ತೀನಿ ತಡಿ,” ಎಂದ ಪಾಲಯ್ಯ. ನಾಲಿಗೆ ದಪ್ಪವಾದಂತೆ ಕೇಳಿಸಿತು.

ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ.

“ಅಕ್ಕಾ,” ತಿಪ್ಪೇಶನ ಧ್ವನಿ ಬಂತು, ಸಂತೆಗೆ ಹೋಗಿ ಬಂದವನ ಹಾಗೆ ನಿಧಾನವಾಗಿ. “ಅಣ್ಣ ಕುಂತ್ಬಿಟ್ಟವ್ನೆ. ಏಳು ಅಂದ್ರೆ ನಗ್ತಾನೆ. ಮೈ ನೋಡಿದ್ರೆ ಏನೂ ಆಗಿಲ್ಲ. ಬೆವರೂ ಇಲ್ಲ.”

ಬೆವರೂ ಇಲ್ಲ ಎಂದದ್ದೇ ಚಂದ್ರಕಲಾಳಿಗೆ ಎಲ್ಲವೂ ಅರ್ಥವಾಯಿತು. ಅವಳು ವೈದೇಹಿಯ ಕಡೆ ತಿರುಗಿದಳು. “ಮೇಡಂ, ಅವ್ರಿಗೆ ಶುಗರ್ ಐತೆ. ಬೆಳಿಗ್ಗೆ ಮಾತ್ರೆ ತಗಂಡವ್ರೆ. ಏನೂ ತಿಂದಿಲ್ಲ. ಕೈ ನಡುಗಿದ್ರೆ ಬೆಲ್ಲ ತಿಂತೀನಿ ಅಂದಿದ್ರು.”

ವೈದೇಹಿ ಕುರ್ಚಿಯ ಬೆನ್ನು ಹಿಡಿದುಕೊಂಡರು. “ನಡುಗಲ್ಲಮ್ಮ. ಸಕ್ಕರೆ ಇಳಿದಾಗ ನಡುಗಿಸೋದು, ಬೆವರಿಸೋದು ಅದೇ ಅಡ್ರಿನಲಿನ್. ಯಕೃತ್ತಿನಿಂದ ಸಕ್ಕರೆ ಹೊರಗೆ ಬಿಡಿಸೋದೂ ಅದೇ. ನಾನು ಅದನ್ನೇ ಮುಚ್ಚಿದೀನಿ. ಅವರ ಮಿದುಳು ಉಪವಾಸ ಬಿದ್ದಿದೆ, ಮೈಗೆ ಗೊತ್ತಿಲ್ಲ.” ಅವರು ಪರದೆಯ ಗೆರೆಗಳತ್ತ ತಿರುಗಿದರು. “ನಾವು ಯಾರನ್ನೂ ಹಸಿದ ಹೊಟ್ಟೇಲಿ ಪರೀಕ್ಷೆ ಮಾಡಲೇ ಇಲ್ಲ.”

ಬೆಲ್ಲ ಪಾಲಯ್ಯನ ಜೇಬಿನಲ್ಲೇ ಇತ್ತು. ಬಾಯಿಗೆ ಹಾಕಬೇಕೆಂದರೆ ಮುಖವಾಡ ತೆಗೆಯಬೇಕು, ತೆಗೆದರೆ ಅನಿಲ. ಆಶ್ರಯದ ಕೋಣೆ ಬಹಳ ಹಿಂದೆ ಉಳಿದಿತ್ತು. ಕಾಲು ಸೋತು ಕೂತ ಆಳನ್ನು ಅಷ್ಟು ಏಣಿಗಳ ಮೇಲೆ ಹೊತ್ತು ತರುವಂತಿರಲಿಲ್ಲ, ಜೊತೆಗೆ ರಕ್ಷಿಸಿದವನೊಬ್ಬ ಬೇರೆ.

“ಅವನನ್ನ ಅಲ್ಲೇ ಬಿಟ್ಟು ಉಳಿದವರು ಹತ್ತಿ ಬರ್ಲಿ,” ಎಂದರು ಶೆಣೈ. “ನಮ್ಮ ಇನ್ನೊಂದು ತಂಡ ಊರಲ್ಲಿಲ್ಲ, ಪಕ್ಕದ ಗಣಿಯ ತಂಡಕ್ಕೆ ಹೇಳಿದೀನಿ. ಬಂದು ಎತ್ತುತ್ತಾರೆ.”

“ಅಷ್ಟು ಹೊತ್ತಿಗೆ ಮಿದುಳು ಉಳಿಯಲ್ಲ,” ಎಂದರು ವೈದೇಹಿ.

“ಬೀಗ ತೆಗೆದ್ರೆ?” ಚಂದ್ರಕಲಾ ಕೇಳಿದಳು.

“ಎದ್ದೇಳಬಹುದು. ಆದರೆ ಎಲ್ಲರದೂ ತೆರೆಯುತ್ತೆ. ಸ್ವಲ್ಪಸ್ವಲ್ಪ ತೆಗೆಯೋಕೆ ಹೊತ್ತಿಲ್ಲ. ಬೆಳಗಿಂದ ಸೇರಿರೋ ಅಷ್ಟೂ ಒಂದೇ ಸಲ ಸುರಿಯುತ್ತೆ. ಅನಿಲದ ನಡುವೆ ಅವರು ಹೇಗೆ ತಡ್ಕೋತಾರೋ ನನಗೆ ಗೊತ್ತಿಲ್ಲ.”

“ಮುಟ್ಟಬೇಡಿ ಅದನ್ನ,” ಎಂದರು ಶೆಣೈ. “ನಾಲ್ಕು ಜೀವದ ಪ್ರಶ್ನೆ. ಮೂವರು ನಮ್ಮವರು, ಒಬ್ಬ ಸಿಕ್ಕಿಬಿದ್ದವನು.”

ಅವರ ಲೆಕ್ಕ ತಪ್ಪಿರಲಿಲ್ಲ. ಅದನ್ನು ಒಪ್ಪಲೇಬೇಕು. ಆ ಲೆಕ್ಕದೊಳಗೆ ಪಾಲಯ್ಯ ಮಾತ್ರ ಇರಲಿಲ್ಲ.

“ಏನ್ ಮಾಡಾನ ಹೇಳಕ್ಕಾ,” ತಿಪ್ಪೇಶ ಕೆಳಗಿನಿಂದ ಕೇಳುತ್ತಿದ್ದ. “ನಮ್ಗೇನು ತೊಂದ್ರೆ ಇಲ್ಲ. ನೀನು ಹೇಳ್ದಂಗೆ ಮಾಡ್ತೀವಿ.”

“ಎಲ್ರೂ ಕುಂತ್ಕಳ್ರಪ್ಪ,” ಎಂದಳು ಚಂದ್ರಕಲಾ. “ಮುಖವಾಡ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕಳಿ. ಏನೇ ಅನ್ನಿಸಿದ್ರೂ ಬಿಡ್ಬೇಡಿ. ತಿಪ್ಪೇಶ, ಬಿಡ್ಬೇಡ.”

“ಹೂಂ ಅಕ್ಕ.”

ಅವಳು ಬೀಗ ತೆಗೆದಳು.

ಗೆರೆಗಳು ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ನಾಲ್ಕೂ ಒಟ್ಟಿಗೆ ಮೇಲಕ್ಕೆದ್ದವು. ರೇಡಿಯೋದಲ್ಲಿ ಏದುಸಿರು ಕೇಳಿಸಿತು. ಬೆಳಗಿನಿಂದ ಪಕ್ಕದ ಮನೆಯಲ್ಲಿದ್ದ ಭಯವೆಲ್ಲ ಒಮ್ಮೆಲೇ ಅವರ ಮೈಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಪಾಲಯ್ಯನ ದನಿ ಕೇಳಿಸಿತು, ನಡುಗುವ ದನಿ, ಆದರೆ ಅವನದೇ. “ಏನಾಯ್ತೋ? ಎಲ್ಲಿದೀವಿ?” ಚಂದ್ರಕಲಾ ಉಸಿರುಬಿಡುವಷ್ಟರಲ್ಲಿ ತಿಪ್ಪೇಶ ಕೂಗಿದ. ಉಸಿರು ಕಟ್ತಾ ಇದೆ ಎಂದ, ಸಿಲಿಂಡರ್ ಖಾಲಿಯಾಗಿದೆ ಎಂದ. ಖಾಲಿಯಾಗಿರಲಿಲ್ಲ. ಅವಳು ಹಿಡ್ಕೋ, ಹಿಡ್ಕೋ ಎನ್ನುತ್ತಲೇ ಇದ್ದಳು. ಅವನು ಅವ್ವನನ್ನು ಕರೆದ, ಸುಮಿತ್ರಳನ್ನು ಕರೆದ, ಮುಖವಾಡ ಕಿತ್ತೆಸೆದು ಓಡಿದ. ಪಾಲಯ್ಯ ತೂರಾಡುತ್ತ ಅವನ ಹಿಂದೆ ಹೋಗಿ ಹಿಡಿದು ಮುಖವಾಡ ಒತ್ತುವಷ್ಟರಲ್ಲಿ ಪರದೆಯ ಮೇಲೆ ತಿಪ್ಪೇಶನ ಗೆರೆ ಮುಗಿದಿತ್ತು.

*

ಪಾಲಯ್ಯ, ತಂಡದ ಇನ್ನಿಬ್ಬರು ಮತ್ತು ಸಿಕ್ಕಿಬಿದ್ದವನು ಮೇಲೆ ಬಂದರು. ತಿಪ್ಪೇಶನನ್ನೂ ತಿಮ್ಮರಾಜುವಿನ ತಮ್ಮನನ್ನೂ ಪಕ್ಕದ ಗಣಿಯ ತಂಡ ಮರುದಿನ ತಂದಿತು.

ಕಂಪನಿಯ ವಿಚಾರಣೆಯಲ್ಲಿ ಬೀಗ ಸರಿಯಾಗಿಯೇ ಕೆಲಸ ಮಾಡಿತ್ತೆಂದು ತೀರ್ಮಾನವಾಯಿತು. ಕಾಯಿಲೆ ಮುಚ್ಚಿಟ್ಟಿದ್ದು ಪಾಲಯ್ಯನ ತಪ್ಪು, ಬೀಗ ತೆಗೆದದ್ದು ಚಂದ್ರಕಲಾಳ ತಪ್ಪು, ಉಪವಾಸವಿದ್ದದ್ದು ಎಲ್ಲರ ತಪ್ಪು. ಇಬ್ಬರ ಕೆಲಸವೂ ಹೋಯಿತು. ಬೀಗದ ಹೊಸ ನಮೂನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೀಲಿ ಇರುತ್ತದಂತೆ. ಹಾಗೆ ಮಾಡಿಸಿದವರು ವೈದೇಹಿಯೇ. ಹೋಗುವ ಮುನ್ನ ಅವರು ಚಂದ್ರಕಲಾಳ ಮನೆಗೆ ಬಂದು ನೀರು ಕುಡಿದು ಹೋದರು.

ಪಾಲಯ್ಯನ ಗುಳಿಗೆಯನ್ನು ತೆಗೆದುಹಾಕಿದರು. ಅವನು ಹೊರಗೆ ಬರುವುದನ್ನು ಬಿಟ್ಟ. ಪಕ್ಕದ ಮನೆಯಲ್ಲಿ ಸುಮಿತ್ರ ಅತ್ತದ್ದು ಗೋಡೆಯಾಚೆಗೆ ಕೇಳಿಸಿದರೆ ಎದೆ ಹಿಡಿದುಕೊಂಡು ಕೂರುತ್ತಿದ್ದ. ತಾನು ಬದುಕಿದ್ದು ಹೇಗೆಂದು ಅವನು ಹೆಂಡತಿಯನ್ನು ಒಮ್ಮೆಯೂ ಕೇಳಲಿಲ್ಲ. ಬಿಡು ಎಂದು ಸಮಾಧಾನವನ್ನೂ ಹೇಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಸುಮಿತ್ರಳ ಅಪ್ಪ ಅವಳನ್ನು ಕರೆದುಕೊಂಡು ಹೋಗಲು ಆಟೋ ತಂದ. ಸಾಮಾನೆಲ್ಲ ಏರಿಸಿದ ಮೇಲೆ ಅವಳು ಚಂದ್ರಕಲಾಳ ಅಡುಗೆಮನೆಗೆ ಬಂದಳು. ಯಾವಾಗಲೂ ಕೂರುವ ಮಣೆಯ ಮೇಲೆ ಕೂರದೆ ಬಾಗಿಲಲ್ಲೇ ನಿಂತಳು.

“ಬೀಗ ತೆಗ್ದಿದ್ದು ನೀನೇ ಅಂತೆ.”

“ಹೂಂ.”

“ತೆಗೀದೇ ಇದ್ದಿದ್ರೆ ನಮ್ಮನೇರು ಬರ್ತಿದ್ರಾ?”

ಚಂದ್ರಕಲಾ ಸುಳ್ಳು ಹೇಳಬಹುದಿತ್ತು. ಅದನ್ನು ಪರೀಕ್ಷಿಸಿ ನೋಡುವವರು ಯಾರೂ ಇರಲಿಲ್ಲ. “ಬರ್ತಿದ್ದ,” ಎಂದಳು.

“ಕೊನೇಲಿ ಏನಾದ್ರೂ ಅಂದ್ರಾ?”

“ನಿನ್ನ ಕೂಗ್ದ. ತುಂಬ ಹೆದ್ರಿದ್ದ ಕಣೆ.”

ಸುಮಿತ್ರ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಕೋಣೆಯಲ್ಲಿ ಪಾಲಯ್ಯ ಕೆಮ್ಮಿದ್ದು ಕೇಳಿಸಿತು. ಇಬ್ಬರೂ ಆ ಕಡೆ ನೋಡಲಿಲ್ಲ.

“ನಾನಾಗಿದ್ರೂ ತೆಗೀತಿದ್ದೆ,” ಎಂದಳು ಸುಮಿತ್ರ. “ನಿನ್ ಜಾಗದಾಗೆ ನಾನಿದ್ದು, ಕೆಳಗೆ ನಮ್ಮನೇರು ಕುಂತಿದ್ರೆ, ನಾನೂ ತೆಗೀತಿದ್ದೆ. ಅದಕ್ಕೇ ನಿನ್ನ ಬೈಯಕ್ಕೆ ಬಾಯಿ ಬರ್ತಿಲ್ಲ. ಬೈಯಾನ ಅಂತಾನೇ ಬಂದಿದ್ದೆ.”

ಚಂದ್ರಕಲಾ ಅವಳ ಕೈ ಹಿಡಿಯಲು ಮುಂದೆ ಬಂದಳು. ಸುಮಿತ್ರ ಒಂದು ಹೆಜ್ಜೆ ಹಿಂದೆ ಸರಿದಳು.

“ಆದ್ರೆ ಇನ್ಮೇಲೆ ನಿನ್ನ ಅಕ್ಕ ಅಂತ ಕರೆಯಕ್ಕೆ ನನ್ನ ಕೈಲಾಗಲ್ಲ.”

ಹೊರಗೆ ಅವಳ ಅಪ್ಪ ಕರೆದ. ಅವಳು ಹೋಗಿ ಆಟೋದಲ್ಲಿ ಕೂತಳು.